ಮೋಡೆಮ್ ಯಾರ ಖೋಲಿಯಲ್ಲಿದೆ?



ಈ ಸಲ ಸ್ವಲ್ಪ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ಮೊದಲ ಸಿಟ್ಟು ನನ್ನ ಮೇಲೆಯೇ ಇದೆ, ಆದ್ದರಿಂದ ಯಾರೂ ಬೇಸರ ಮಾಡಿಕೊಳ್ಳಬೇಡಿ.

ಹೋದ ಮಳೆಗಾಲದ ಒಂದು ರಾತ್ರಿ. ಹತ್ತೂವರೆ ಆಗಿತ್ತು. ನೀರು ಕುಡಿಯಲೆಂದು ನನ್ನ ಖೋಲಿಯ ಬಾಗಿಲು ತೆರೆದರೆ, ಹೊರಗೆ ತಣ್ಣನೆಯ ಫರಸಿಯ ಮೇಲೆ ತಂಗಿ ಗೋಡೆಗೆ ಒರಗಿ ಕೂತಿದ್ದಳು. ಮೊಣಕಾಲ ಮೇಲೆ ಫೋನು, ಪಕ್ಕದಲ್ಲಿ ನೋಟುಬುಕ್ಕು, ಹೆಗಲ ಮೇಲೆ ಚಾದರ.

“ಇಲ್ಲ್ಯಾಕ ಕುಂತೀಯವ್ವಾ?” ಎಂದೆ.

“ಹಿಂದಿನ ಖೋಲ್ಯಾಗ ನೆಟ್ ಬರಂಗಿಲ್ಲಣ್ಣ. ನಿನ್ನ ಬಾಗಲ ಮುಂದ ಕುಂತ್ರ ಎರಡು ಕಡ್ಡಿ ಬರ್ತಾವ.”

“ಎಷ್ಟು ದಿನಾತು ಹಿಂಗ?”

“ನೆಟ್ ಹಾಕಿಸಿದಾಗಿಂದ.”

ನೆಟ್ ಹಾಕಿಸಿ ಹದಿನಾಲ್ಕು ತಿಂಗಳಾಗಿತ್ತು. ಹದಿನಾಲ್ಕು ತಿಂಗಳು ಹನ್ನೆರಡನೇ ಇಯತ್ತೆಯ ಹುಡುಗಿ ಅಣ್ಣನ ಬಾಗಿಲ ಹೊರಗೆ ಕೂತು ಓದಿದ್ದಾಳೆ. ಒಳಗೆ ಅಣ್ಣ ಮಂಚದ ಮೇಲೆ ಮಲಗಿ ಕ್ರಿಕೆಟ್ ತುಣುಕು ನೋಡುತ್ತಿದ್ದ. ಮೋಡೆಮ್ ಅವನ ತಲೆಯ ಮೇಲಿನ ಶೆಲ್ಫಿನಲ್ಲಿ ಹಸಿರು ದೀಪ ಮಿಣುಕಿಸುತ್ತಿತ್ತು. ಅದರ ಬಿಲ್ಲು ಕಟ್ಟುವುದು ಅಪ್ಪನ ತೊಗರಿಯ ದುಡ್ಡಿನಿಂದ, ತಿಂಗಳು ಜಗ್ಗದಿದ್ದರೆ ಅವ್ವನ ಹೊಲಿಗೆ ಮಷೀನಿನ ದುಡ್ಡಿನಿಂದ. ಅಡುಗೆಮನೆಯಲ್ಲಿ ಅವ್ವನಿಗೆ ಒಂದು ಕಡ್ಡಿಯೂ ಬರುತ್ತಿರಲಿಲ್ಲ. ಬಿಎಸ್ಸಿ ಓದಿದ ಮಗ ನಾನು. ಅಲೆಗಳ ಪಾಠ ಓದಿ ಅಂಕ ತಗೊಂಡವನು. ನನಗೆ ಇದು ಕಾಣಲಿಲ್ಲ, ಯಾಕೆಂದರೆ ನನ್ನ ಫೋನಿನಲ್ಲಿ ಎಲ್ಲಾ ಕಡ್ಡಿಗಳೂ ಇದ್ದವು.

ನಾನು ಹೇಳಬೇಕಾದದ್ದು ಇಷ್ಟೇ. ಮೋಡೆಮ್ ಮನೆಯ ನಡುವೆ, ಎತ್ತರದಲ್ಲಿ, ಬಯಲಾಗಿ ಇರಬೇಕು. ಅದರ ಜಾಗವನ್ನು ತಂತಿ ಎಳೆಯುವವರ ಅನುಕೂಲ ನೋಡಿ ನಿರ್ಧರಿಸಬಾರದು, ಮನೆಯ ದೊಡ್ಡ ಮಗನ ಅನುಕೂಲ ನೋಡಿಯೂ ನಿರ್ಧರಿಸಬಾರದು. ಬಾಯಿ ಬಿಟ್ಟು ಕೇಳದವರು ಎಲ್ಲಿ ಕೂತು ಓದುತ್ತಾರೋ, ಎಲ್ಲಿ ನಿಂತು ಕೆಲಸ ಮಾಡುತ್ತಾರೋ, ಅಲ್ಲಿಂದ ಲೆಕ್ಕ ಶುರು ಮಾಡಬೇಕು.

ಗಡಿಯ ನೆಪ

ಆ ರಾತ್ರಿಯ ನಂತರ ಯುವಜನ ಕೂಟದ ಮನೆಭೇಟಿಗೆ ಹೋದಲ್ಲೆಲ್ಲ ನನ್ನ ಕಣ್ಣು ಮೋಡೆಮನ್ನೇ ಹುಡುಕುತ್ತಿತ್ತು. ಒಂದು ಮನೆಯಲ್ಲಿ ಅದು ಟಿವಿ ಶೋಕೇಸಿನ ಗಾಜಿನ ಹಿಂದೆ, ಸ್ಟೀಲ್ ಕಪ್ಪುಗಳ ನಡುವೆ ಇತ್ತು. ಇನ್ನೊಂದು ಮನೆಯಲ್ಲಿ ಫ್ರಿಜ್ಜಿನ ಹಿಂದೆ. ಮತ್ತೊಂದರಲ್ಲಿ ಜೋಳದ ಚೀಲಗಳ ಸಂದಿಯಲ್ಲಿ, ನೆಲದ ಮೇಲೆ. ಒಂದು ಕಡೆ ಧೂಳು ಹಿಡಿಯಬಾರದೆಂದು ಅದಕ್ಕೆ ಸೊಲ್ಲಾಪುರದ ಟಾವೆಲ್ ಹೊದಿಸಿದ್ದರು, ಎಳೆಗೂಸಿಗೆ ಹೊದಿಸಿದ ಹಾಗೆ. ಇನ್ನೊಬ್ಬ ಹಿರಿಯರು “ಮಕ್ಕಳು ಕೆಡ್ತಾವ” ಎಂದು ಅದನ್ನು ಕಬ್ಬಿಣದ ತಿಜೋರಿಯೊಳಗೇ ಇಟ್ಟು, ತಂತಿಗಾಗಿ ಬಾಗಿಲು ಎರಡು ಬೆರಳು ತೆರೆದಿಟ್ಟಿದ್ದರು.

ಎಲ್ಲ ಮನೆಗಳಲ್ಲೂ ಮಾತು ಮಾತ್ರ ಒಂದೇ: “ನಮ್ಮದು ಗಡಿ ಊರಪ್ಪಾ. ನಮಗ ಬರೂದು ಇಷ್ಟ.”

ಗಡಿಯ ದುಃಖ ನನಗೂ ಗೊತ್ತು. ಮುಂಬೈಗೆ ನಾವು ಕನ್ನಡದವರು, ಬೆಂಗಳೂರಿಗೆ ಮಹಾರಾಷ್ಟ್ರದವರು. ಅಕ್ಕಲಕೋಟ ತಾಲೂಕಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಎರಡೂ ಕಡೆ ಬಾಗಿಲು ಅರ್ಧ ಮಾತ್ರ ತೆರೆದಿರುತ್ತದೆ. ಆ ಜಗಳ ಬೇರೆ, ಅದನ್ನು ಬೇರೆ ದಿನ ಆಡೋಣ. ಆದರೆ ಮೋಡೆಮ್ ತಿಜೋರಿಯೊಳಗೆ ಹೋದದ್ದಕ್ಕೆ ಯಾವ ಸರ್ಕಾರವೂ ಕಾರಣವಲ್ಲ.

ಗ್ರಾಮ ಪಂಚಾಯಿತಿಗಳ ತನಕ ಗಾಜಿನ ತಂತಿ ಎಳೆಯುವ ಯೋಜನೆಗೆ ಕೇಂದ್ರ ಸರ್ಕಾರ 2011ರಲ್ಲಿ ಒಪ್ಪಿಗೆ ಕೊಟ್ಟಿತು. ಅದನ್ನೇ ಈಗ ಭಾರತ್‌ನೆಟ್ ಎನ್ನುತ್ತೇವೆ. ಕೆಲಸ ನಿಧಾನವಾಯಿತು, ಎಷ್ಟೋ ಕಡೆ ತಂತಿ ಬಂದರೂ ಬೆಳಕು ಬರಲಿಲ್ಲ, ನಿಜ. ಆದರೆ ನಿಮ್ಮ ಮನೆಯೊಳಗೆ ಫೈಬರ್ ಬಂದು ಪೆಟ್ಟಿಗೆಯ ಹಸಿರು ದೀಪ ಹೊತ್ತಿಕೊಂಡಿದೆ ಎಂದರೆ ದೂರದ ಕೆಲಸವೆಲ್ಲ ಮುಗಿದಿದೆ ಎಂದು ಅರ್ಥ. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಮುಂಬೈಯಿಂದ ಸೊಲ್ಲಾಪುರದ ಸುಮಾರು 400 ಕಿಲೋಮೀಟರ್ ದಾಟಲು ಅದಕ್ಕೆ ಎರಡು ಮೂರು ಮಿಲಿಸೆಕೆಂಡು ಸಾಕು. ಅಷ್ಟು ದೂರ ಬಂದದ್ದನ್ನು ಕೊನೆಯ ಇಪ್ಪತ್ತು ಅಡಿಯಲ್ಲಿ ಕೊಲ್ಲುತ್ತಿರುವವರು ನಾವು.

ಗೋಡೆ, ನೀರು, ಕಬ್ಬಿಣ

ವೈಫೈ ಎಂದರೆ ರೇಡಿಯೋ ಅಲೆ. ನಮ್ಮ ಪೆಟ್ಟಿಗೆಗಳು ಎರಡು ಬಗೆಯ ಅಲೆ ಬಿಡುತ್ತವೆ. 2.4 ಗಿಗಾಹರ್ಟ್ಸ್‌ನ ಅಲೆ ಸುಮಾರು ಹನ್ನೆರಡೂವರೆ ಸೆಂಟಿಮೀಟರ್ ಉದ್ದ. ಅದರ ವೇಗ ಕಡಿಮೆ, ಆದರೆ ಗೋಡೆ ದಾಟುವ ಶಕ್ತಿ ಹೆಚ್ಚು. 5 ಗಿಗಾಹರ್ಟ್ಸ್‌ನ ಅಲೆ ಅದರ ಅರ್ಧದಷ್ಟು ಉದ್ದ. ಅದು ಬಹಳ ವೇಗ ಕೊಡುತ್ತದೆ, ಆದರೆ ಎರಡು ಗೋಡೆ ಬಂದರೆ ಸೋತುಹೋಗುತ್ತದೆ.

ಈಗ ನಮ್ಮ ಮನೆಗಳನ್ನು ನೋಡಿ. ಹಳೆಯ ಮಾಳಿಗೆ ಮನೆಗಳಲ್ಲಿ ಕಲ್ಲು ಮಣ್ಣಿನ ಗೋಡೆ ಒಂದೂವರೆ, ಎರಡು ಅಡಿ ದಪ್ಪ. ಬೇಸಿಗೆಯಲ್ಲಿ ತಂಪು ಕೊಡುವ ಆ ಗೋಡೆಯೇ ಅಲೆಯನ್ನು ನುಂಗುತ್ತದೆ. ತೆಳುವಾದ ಇಟ್ಟಿಗೆ ಗೋಡೆಯೇ ಅರ್ಧಕ್ಕಿಂತ ಹೆಚ್ಚು ಸಿಗ್ನಲ್ ತಿನ್ನಬಲ್ಲದು. ದಪ್ಪ ಕಲ್ಲಿನ ಗೋಡೆ ಹತ್ತು ಪಾಲಿನಲ್ಲಿ ಒಂಬತ್ತನ್ನು, ಅದಕ್ಕಿಂತ ಹೆಚ್ಚನ್ನೂ ತಡೆಯಬಲ್ಲದು. ಅಲೆ ಗೋಡೆಯನ್ನು ಓರೆಯಾಗಿ ದಾಟಿದರೆ ಗೋಡೆ ಅದಕ್ಕೆ ಇನ್ನೂ ದಪ್ಪ. ಪತ್ರಾ, ತಿಜೋರಿ, ಫ್ರಿಜ್ಜು, ಕನ್ನಡಿಯ ಹಿಂದಿನ ಲೋಹದ ಲೇಪ ಅಲೆಯನ್ನು ತಿರುಗಿಸಿ ಕಳಿಸುತ್ತವೆ. ನೀರು ಹೀರಿಕೊಳ್ಳುತ್ತದೆ, ಆದ್ದರಿಂದ ತುಂಬಿದ ಹಂಡೆ, ಬ್ಯಾರೆಲ್ ಪಕ್ಕದಲ್ಲಿ ಮೋಡೆಮ್ ಇಡುವುದು ತಪ್ಪು.

ಟಾವೆಲ್ಲಿನ ವಿಷಯ ನ್ಯಾಯವಾಗಿ ಹೇಳಬೇಕು. ಬಟ್ಟೆ ಅಲೆಯನ್ನು ಅಷ್ಟೇನೂ ತಡೆಯುವುದಿಲ್ಲ. ಅದು ತಡೆಯುವುದು ಗಾಳಿಯನ್ನು. ಮೇ ತಿಂಗಳಲ್ಲಿ ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ. ಆ ಕಾವಿನಲ್ಲಿ ಹೊದ್ದು ಕೂತ ಪೆಟ್ಟಿಗೆ ಬಿಸಿಯಾಗಿ ತಾನೇ ಬಂದ್ ಆಗಿ ತಾನೇ ಚಾಲೂ ಆಗುತ್ತದೆ. ನಾವು ಕಸ್ಟಮರ್ ಕೇರಿಗೆ ಫೋನು ಹಚ್ಚಿ ಬೈಯುತ್ತೇವೆ.

ಇನ್ನು ಆಂಟೆನಾ. ನಮ್ಮ ಹುಡುಗರು ಅದನ್ನು ಬಂದೂಕಿನ ಹಾಗೆ ತಮ್ಮ ಮಂಚದ ಕಡೆ ತಿರುಗಿಸಿಡುತ್ತಾರೆ. ಆಂಟೆನಾದ ತುದಿಯಿಂದ ಏನೂ ಹಾರುವುದಿಲ್ಲ. ಅಲೆ ಹೊರಡುವುದು ಅದರ ಪಕ್ಕಗಳಿಂದ, ಸುತ್ತಲೂ, ಉದ್ದಿನ ವಡೆಯ ಆಕಾರದಲ್ಲಿ. ಕಡ್ಡಿ ನೆಟ್ಟಗೆ ನಿಂತರೆ ವಡೆ ಅಡ್ಡಡ್ಡ ಹರಡಿ ಇಡೀ ಅಂತಸ್ತಿಗೆ ಸಿಗುತ್ತದೆ. ನಿಮ್ಮ ಕಡೆ ಗುರಿ ಇಟ್ಟರೆ ವಡೆಯ ನಡುವಿನ ತೂತೇ ನಿಮ್ಮ ಪಾಲಿಗೆ. ಮೇಲೊಂದು ಅಂತಸ್ತಿದ್ದರೆ ಒಂದು ಕಡ್ಡಿಯನ್ನು ಮಾತ್ರ ಅಡ್ಡ ಮಲಗಿಸಿ.

ಹಚ್ಚಿದ ದೀಪದ ಜಾಗ ಯಾವುದೆಂದು ಚರ್ಚಿನಲ್ಲಿ ಚಿಕ್ಕಂದಿನಿಂದ ಕೇಳಿದ್ದೇವೆ. ಅದರ ಮೇಲೆ ಪ್ರಸಂಗ ಮಾಡುವುದು ಗುರುಗಳ ಕೆಲಸ, ನನ್ನದಲ್ಲ. ದೀಪದ ವಿಷಯದಲ್ಲಿ ನಮಗಿರುವ ಬುದ್ಧಿ ಮೋಡೆಮಿನ ವಿಷಯದಲ್ಲಿ ಎಲ್ಲಿ ಹೋಯಿತು ಎಂದಷ್ಟೇ ಕೇಳುತ್ತೇನೆ.

ದೊಡ್ಡ ಪ್ಲಾನ್ ಎಂಬ ಮೋಸ

ನೆಟ್ ನಿಧಾನ ಎಂದರೆ ನಾವು ಮೊದಲು ಮಾಡುವ ಕೆಲಸ ದುಡ್ಡು ಸುರಿಯುವುದು. 50ರ ಪ್ಲಾನ್ ಇದ್ದವರು 100ಕ್ಕೆ, 100 ಇದ್ದವರು 200ಕ್ಕೆ ಹೋಗುತ್ತಾರೆ. ಆದರೆ ಲೆಕ್ಕ ಹಾಕಿ. ಒಂದು ಒಳ್ಳೆಯ ವಿಡಿಯೋ ಪಾಠಕ್ಕೆ ಸುಮಾರು 5 ಎಂಬಿಪಿಎಸ್ ಸಾಕು. ವಿಡಿಯೋ ಕರೆಗೆ ಅದಕ್ಕಿಂತಲೂ ಕಡಿಮೆ. ಐದು ಜನ ಒಟ್ಟಿಗೆ ಕೂತು ನೋಡಿದರೂ 25 ದಾಟುವುದಿಲ್ಲ. 2023ರಲ್ಲಿ ಸರ್ಕಾರ ಬ್ರಾಡ್‌ಬ್ಯಾಂಡ್ ಎಂದು ಕರೆಯಲು ಬೇಕಾದ ಕನಿಷ್ಠ ವೇಗವನ್ನು ಏರಿಸಿದಾಗಲೂ ಅದು 2 ಎಂಬಿಪಿಎಸ್ ಮಾತ್ರ.

ಹಿಂದಿನ ಖೋಲಿಗೆ ಅಲೆಯೇ ತಲುಪದಿದ್ದರೆ ಪ್ಲಾನ್ 50 ಇದ್ದರೇನು, 500 ಇದ್ದರೇನು? ಬಾವಿಯಲ್ಲಿ ನೀರು ಎಷ್ಟೇ ಇರಲಿ, ಹಗ್ಗ ಮೋಟಾದರೆ ಕೊಡ ತುಂಬುವುದಿಲ್ಲ. ದೊಡ್ಡ ಪ್ಲಾನಿನಿಂದ ಲಾಭ ಆಗುವುದು ಈಗಾಗಲೇ ಮೋಡೆಮಿನ ಪಕ್ಕ ಮಲಗಿದವನಿಗೆ. ಅಂದರೆ ನನ್ನಂಥವನಿಗೆ. ಅವ್ವ ಹೆಚ್ಚಿಗೆ ಎರಡು ಬ್ಲೌಸ್ ಹೊಲಿದು ನನ್ನ ಕ್ರಿಕೆಟ್ಟಿಗೆ ದುಡ್ಡು ಕಟ್ಟಿದ ಹಾಗೆ. ಜಾಗ ಬದಲಿಸಲು ದುಡ್ಡು ಬೇಡ, ಒಂದು ಮಧ್ಯಾಹ್ನ ಸಾಕು.

ಯಾಕೆ ಇಷ್ಟು ಜಗಳ?

ಇದು ಬರೀ ರೀಲ್ಸಿನ ವಿಷಯವಾಗಿದ್ದರೆ ನಾನು ಪೆನ್ನು ಹಿಡಿಯುತ್ತಿರಲಿಲ್ಲ. ಮಹಾರಾಷ್ಟ್ರದ ಬಾಲಭಾರತಿ ಸಂಸ್ಥೆ ಕನ್ನಡ ಮಾಧ್ಯಮದ ಪಠ್ಯಪುಸ್ತಕಗಳನ್ನೂ ಅಚ್ಚು ಹಾಕುತ್ತದೆ, ಅವುಗಳ ಪಿಡಿಎಫ್ ಪ್ರತಿಗಳನ್ನು ಇಂಟರ್ನೆಟ್ಟಿನಲ್ಲಿಯೂ ಇಟ್ಟಿದೆ. ಸೊಲ್ಲಾಪುರದ ಅಂಗಡಿಗಳಲ್ಲಿ ಮರಾಠಿ, ಇಂಗ್ಲಿಷ್ ಗೈಡುಗಳು ರಾಶಿ ಬಿದ್ದಿರುತ್ತವೆ, ಕನ್ನಡದ್ದು ಕೇಳಿದರೆ ಅಂಗಡಿಯವರು ಮುಖ ನೋಡುತ್ತಾರೆ. ನಮ್ಮ ಮಕ್ಕಳಿಗೆ ತಮ್ಮ ಭಾಷೆಯಲ್ಲಿ ಪಾಠ, ಹಳೆಯ ಪ್ರಶ್ನೆಪತ್ರಿಕೆ, ಗಣಿತದ ವಿಡಿಯೋ ಸಿಗುವ ದಾರಿ ಬಹಳ ಸಲ ಆ ಪೆಟ್ಟಿಗೆಯೊಂದೇ. ಪೇಟೆಯ ಮಗುವಿಗೆ ವೈಫೈ ಹತ್ತರಲ್ಲಿ ಒಂದು ಅನುಕೂಲ. ಗಡಿಯ ಕನ್ನಡ ಮಗುವಿಗೆ ಅದು ಗ್ರಂಥಾಲಯ.

ನಮ್ಮ ಸೊಲ್ಲಾಪುರ ಜಿಲ್ಲೆಯ ಪರಿತೇವಾಡಿಯ ಜಿಲ್ಲಾ ಪರಿಷತ್ ಶಾಲೆಯ ಶಿಕ್ಷಕ ರಣಜಿತ್‌ಸಿಂಹ ಡಿಸಲೆ ಅವರಿಗೆ 2020ರಲ್ಲಿ ಜಾಗತಿಕ ಶಿಕ್ಷಕ ಪ್ರಶಸ್ತಿ ಬಂತು. ಹೆಣ್ಣುಮಕ್ಕಳ ಓದಿಗೆ ದುಡಿದದ್ದಕ್ಕೆ, ಪಠ್ಯಪುಸ್ತಕದಲ್ಲಿ ಕ್ಯೂಆರ್ ಕೋಡ್ ಅಚ್ಚು ಹಾಕಿ ಪಾಠದ ದನಿ, ಚಿತ್ರ, ವಿಡಿಯೋಗಳನ್ನು ಮಕ್ಕಳ ಕೈಗೆ ಕೊಟ್ಟದ್ದಕ್ಕೆ. ಬಹುಮಾನ 10 ಲಕ್ಷ ಡಾಲರ್, ಅದರಲ್ಲಿ ಅರ್ಧವನ್ನು ಅವರು ಜೊತೆಯ ಸ್ಪರ್ಧಿಗಳಿಗೆ ಹಂಚಿಬಿಟ್ಟರು. ನಾವೆಲ್ಲ ಅವರ ಫೋಟೋ ಸ್ಟೇಟಸ್ಸಿಗೆ ಹಾಕಿದೆವು. ಅದೇ ಹೊತ್ತಿಗೆ ನಮ್ಮ ಮನೆಯ ಹುಡುಗಿ ಅದೇ ಕ್ಯೂಆರ್ ಕೋಡಿಗೆ ಫೋನು ಹಿಡಿದು, ತಿರುಗುವ ಚಕ್ರ ನೋಡುತ್ತಾ ಹಿಂದಿನ ಖೋಲಿಯಲ್ಲಿ ಕೂತಿದ್ದಳು. ಜಿಲ್ಲೆಯ ಹೆಮ್ಮೆ ನಮ್ಮ ಎರಡನೇ ಗೋಡೆಯ ತನಕವೂ ಬರಲಿಲ್ಲ.

ಆಕ್ಷೇಪಗಳಿಗೆ ಉತ್ತರ

“ರೇಡಿಯೇಶನ್ ಬರ್ತದ, ಜನ ಇರೋ ಕಡೆ ಬ್ಯಾಡ” ಎಂದು ನಮ್ಮ ಆಯಿ ಮಾತ್ರವಲ್ಲ, ಡಿಗ್ರಿ ಮಾಡಿದವರೂ ಹೇಳುತ್ತಾರೆ. ಮನೆಯ ಮೋಡೆಮ್ ಹೊರಬಿಡುವ ಶಕ್ತಿ ಒಂದು ವಾಟಿನ ಹತ್ತನೇ ಒಂದು ಭಾಗದ ಆಸುಪಾಸು. ಅದೇ ತರಂಗ ಬಳಸುವ ಮೈಕ್ರೋವೇವ್ ಒಲೆ ನೂರಾರು ವಾಟಿನದು, ಅದಕ್ಕೇ ಅದು ಕಬ್ಬಿಣದ ಪೆಟ್ಟಿಗೆಯೊಳಗಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2011ರಲ್ಲಿ ರೇಡಿಯೋ ಅಲೆಗಳನ್ನು ‘2ಬಿ’ ಗುಂಪಿಗೆ ಹಾಕಿತು. ಅಪಾಯದ ಸಾಧ್ಯತೆ ತಳ್ಳಿಹಾಕಲಾಗದು, ಆದರೆ ಪುರಾವೆ ಸಾಲದು ಎನ್ನುವ ಗುಂಪು ಅದು. ಪೂರ್ವ ಏಷ್ಯಾದ ಕಡೆ ಮಾಡುವ ತರಕಾರಿ ಉಪ್ಪಿನಕಾಯಿ, ಲೋಳೆಸರದ ಇಡೀ ಎಲೆಯ ಸಾರ ಕೂಡ ಅದೇ ಗುಂಪಿನಲ್ಲಿವೆ. ಎಚ್ಚರ ಬೇಕೇ ಬೇಕು ಎಂದರೆ ಎಚ್ಚರವೂ ನನ್ನ ಕಡೆಯೇ ಇದೆ. ದೂರ ಮೂರು ಪಟ್ಟು ಆದರೆ ಅಲೆಯ ಬಲ ಒಂಬತ್ತರಲ್ಲಿ ಒಂದಾಗುತ್ತದೆ. ಪಡಸಾಲೆಯ ಎತ್ತರದ ಗೂಡಿನಲ್ಲಿರುವ ಮೋಡೆಮ್ ಯಾರ ದಿಂಬಿಗೂ ಹತ್ತಿರವಲ್ಲ. ಮಗನ ಮಂಚದ ಮೇಲಿರುವುದೇ ಹತ್ತಿರ. ಮೇಲಾಗಿ, ಟವರ್ ಸರಿಯಾಗಿ ಸಿಗದ ಕಡೆ ಮೊಬೈಲ್ ಡೇಟಾ ಹಾಕಿಕೊಂಡರೆ ನಿಮ್ಮ ಫೋನು ಟವರಿಗೆ ಮುಟ್ಟಲು ತನ್ನ ಬಲ ಏರಿಸುತ್ತದೆ, ಅದೂ ನಿಮ್ಮ ಕಿವಿಯ ಪಕ್ಕದಲ್ಲಿ.

“ಮಕ್ಕಳು ಕೆಡ್ತಾವ, ಅದಕ್ಕ ಮುಚ್ಚಿಟ್ಟೀವಿ.” ಈ ಮಾತಿಗೆ ನನಗೆ ಗೌರವ ಇದೆ, ಭಯ ಸುಳ್ಳಲ್ಲ. ಆದರೆ ಮುಚ್ಚಿಟ್ಟ ಮೋಡೆಮ್ ಯಾರನ್ನು ಕಾಯುತ್ತದೆ? ಸಿಗ್ನಲ್ ಸಿಗುವ ಮೂಲೆ ಹುಡುಕಿಕೊಂಡು ಮಗ ಮಾಳಿಗೆ ಹತ್ತುತ್ತಾನೆ, ಸ್ನೇಹಿತರ ಕಟ್ಟೆಗೆ ಹೋಗುತ್ತಾನೆ. ಮಗಳಿಗೆ ಆ ಸ್ವಾತಂತ್ರ್ಯವೂ ಇಲ್ಲ, ಅವಳು ಓದುವುದನ್ನೇ ಬಿಡುತ್ತಾಳೆ. ನೆಟ್ ಮನೆಯ ಎಲ್ಲ ಕಡೆ ಚೆನ್ನಾಗಿ ಬಂದರೆ ಮಕ್ಕಳು ಎಲ್ಲರ ಕಣ್ಣೆದುರು ಪಡಸಾಲೆಯಲ್ಲೇ ಕೂರುತ್ತಾರೆ. ಯಾವ ಫೋನಿಗೆ ಯಾವ ಹೊತ್ತಿಗೆ ನೆಟ್ ಬಂದಾಗಬೇಕು ಎಂದು ಹೇಳುವ ಸೆಟ್ಟಿಂಗ್ ಈಗಿನ ಬಹಳಷ್ಟು ಪೆಟ್ಟಿಗೆಗಳಲ್ಲಿದೆ. ಊಟದ ಹೊತ್ತಿಗೆ, ಜಪಸರದ ಹೊತ್ತಿಗೆ, ರಾತ್ರಿ ಹನ್ನೊಂದರ ಮೇಲೆ ಬಂದ್ ಮಾಡಿ. ನಿಯಮ ಎಲ್ಲರಿಗೂ ಒಂದೇ ಇರಲಿ, ಅಪ್ಪನ ಫೋನಿಗೂ ಸೇರಿ.

“ತಂತಿ ಆ ಕಿಡಕಿಯಿಂದ ಬಂದದ, ಅಲ್ಲೇ ಕೂಡಸ್ಯಾರ.” ಕೂಡಿಸಿದ ಹುಡುಗನನ್ನು ಬೈಯಬೇಡಿ. ಅವನು ಆ ದಿನ ಇನ್ನೂ ನಾಲ್ಕು ಮನೆ ಮುಗಿಸಬೇಕು. “ಎಲ್ಲಿ ಇಡ್ಲಿ?” ಎಂದು ಅವನು ಕೇಳಿದಾಗ “ಎಲ್ಲರೆ ಇಡಪ್ಪಾ” ಎಂದವರು ನಾವು.

ಹೇಗೆ ಮಾಡುವುದು

ಒಂದು ಹಾಳೆಯ ಮೇಲೆ ಮನೆಯ ನಕ್ಷೆ ಬರೆಯಿರಿ. ಯಾರು ಎಲ್ಲಿ ಕೂತು ಫೋನು ಬಳಸುತ್ತಾರೆ ಎಂದು ಚುಕ್ಕೆ ಇಡಿ. ಅಡುಗೆಮನೆಯಲ್ಲಿ ನಿಲ್ಲುವ ಅವ್ವನದೂ, ಹೊರಗಿನ ಕಟ್ಟೆಯ ಮೇಲಿನ ಮುತ್ಯಾನದೂ ಸೇರಲಿ. ಚುಕ್ಕೆಗಳ ನಡುಮಧ್ಯ ಎಲ್ಲಿ ಬರುತ್ತದೋ ಅಲ್ಲಿ, ನೆಲದಿಂದ ಐದಾರು ಅಡಿ ಎತ್ತರದಲ್ಲಿ, ಪ್ಲಗ್ ಇರುವ ಜಾಗ ಹುಡುಕಿ. ಬಾಗಿಲಿನ ನೇರಕ್ಕೆ ಸಿಕ್ಕರೆ ಇನ್ನೂ ಒಳ್ಳೆಯದು, ಅಲೆಗೆ ಬಾಗಿಲು ಗೋಡೆಗಿಂತ ಸುಲಭ.

ಹೊಸದಾಗಿ ಹಾಕಿಸುವವರು ಫೈಬರನ್ನು ಆ ಜಾಗದ ತನಕ ತರಲು ಮೊದಲೇ ಹೇಳಿ. ಗಾಜಿನ ತಂತಿಯನ್ನು ಮೂಲೆಯಲ್ಲಿ ಮಡಚಬೇಡಿ, ದೊಡ್ಡ ಸುತ್ತಿನಲ್ಲಿ ಬಾಗಿಸಿ, ಮೊಳೆ ಹೊಡೆಯಬೇಡಿ. ತುದಿ ಬಿಚ್ಚಿದ್ದರೆ ಕಣ್ಣಿಟ್ಟು ನೋಡಬೇಡಿ, ಒಳಗಿನ ಲೇಸರ್ ಬೆಳಕು ಕಣ್ಣಿಗೆ ಕಾಣುವುದಿಲ್ಲ. ಪೆಟ್ಟಿಗೆಯಲ್ಲಿ ‘ಎಲ್‌ಒಎಸ್’ ಎಂಬ ದೀಪ ಕೆಂಪಾಗಿ ಮಿಣುಕಿದರೆ ಬೆಳಕು ಮನೆ ತನಕ ಬರುತ್ತಿಲ್ಲ ಎಂದು ಅರ್ಥ. ಅದು ಮಾತ್ರ ಕಂಪನಿಯವರ ಕೆಲಸ, ಆಗ ಧಾರಾಳವಾಗಿ ಫೋನು ಹಚ್ಚಿ.

ಈಗಾಗಲೇ ಮೂಲೆಯಲ್ಲಿ ಕೂತಿದ್ದರೆ ಫೈಬರ್ ಕತ್ತರಿಸಲು ಹೋಗಬೇಡಿ. ಪೆಟ್ಟಿಗೆಯಿಂದ ನಡುವಿನ ತನಕ ಒಂದು ಲ್ಯಾನ್ ಕೇಬಲ್ ಎಳೆಯಿರಿ, 100 ಮೀಟರ್ ತನಕ ಅದು ಸರಿಯಾಗಿ ಕೆಲಸ ಮಾಡುತ್ತದೆ. ಅದರ ತುದಿಗೆ ಇನ್ನೊಂದು ರೌಟರ್ ಸಿಕ್ಕಿಸಿ ‘ಆಕ್ಸೆಸ್ ಪಾಯಿಂಟ್’ ಎಂದು ಸೆಟ್ ಮಾಡಿ. ಹಳೆಯ ರೌಟರಿದ್ದರೂ ನಡೆಯುತ್ತದೆ. ತಂತಿಯಿಲ್ಲದ ರಿಪೀಟರ್ ಕೊಂಡವರು ಅದನ್ನು ಸಿಗ್ನಲ್ ಇಲ್ಲದ ಖೋಲಿಯಲ್ಲಿ ಇಡುತ್ತಾರೆ. ಕೇಳಿಸದವನು ಇನ್ನೊಬ್ಬರಿಗೆ ಏನು ಹೇಳಿಯಾನು? ಅದನ್ನು ಅರ್ಧ ದಾರಿಯಲ್ಲಿ, ಸಿಗ್ನಲ್ ಇನ್ನೂ ಚೆನ್ನಾಗಿರುವ ಕಡೆ ಇಡಿ.

ಲೋಡ್ ಶೆಡ್ಡಿಂಗ್ ನಮಗೆ ಹೊಸದಲ್ಲ. ಪರೀಕ್ಷೆಯ ಫಾರ್ಮು ತುಂಬುವಾಗ ಲೈಟ್ ಹೋದರೆ ಕಣ್ಣಲ್ಲಿ ನೀರು ಬರುತ್ತದೆ. ರೌಟರಿಗೆಂದೇ ಸಣ್ಣ ಯುಪಿಎಸ್ ಸಿಗುತ್ತದೆ. ಕೊಳ್ಳುವ ಮೊದಲು ನಿಮ್ಮ ಅಡಾಪ್ಟರಿನ ಮೇಲೆ ಬರೆದ ವೋಲ್ಟ್, ಆಂಪಿಯರ್ ನೋಡಿಕೊಳ್ಳಿ. ಸ್ಟಿಕ್ಕರಿನ ಮೇಲಿನ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸಿ. ಮನೆ ಮನೆಗೂ ವೈಫೈ ಇರುವ ಓಣಿಯಲ್ಲಿ 2.4ರ ಚಾನೆಲನ್ನು 1, 6 ಅಥವಾ 11ಕ್ಕೆ ಇಡಿ, ಈ ಮೂರು ಒಂದರ ಮೇಲೊಂದು ಬೀಳುವುದಿಲ್ಲ. ಕೊನೆಗೆ ಪ್ರತಿ ಚುಕ್ಕೆಯ ಜಾಗದಲ್ಲಿ ನಿಂತು, ರಾತ್ರಿ ಎಂಟರ ಹೊತ್ತಿಗೆ, ವೇಗ ಅಳೆದು ನೋಡಿ. ನಿಮ್ಮ ಮಂಚದ ಮೇಲೆ ಅಳೆದದ್ದು ಲೆಕ್ಕಕ್ಕಿಲ್ಲ.

ಮುಂದಿನ ಭಾನುವಾರ

ಮುಂದಿನ ಭಾನುವಾರ ಪೂಜೆ ಮುಗಿದ ಮೇಲೆ ಯುವಜನ ಕೂಟದ ನಾವು ನಾಲ್ಕು ಜನ ಲ್ಯಾನ್ ಕೇಬಲ್, ಪಕ್ಕಡ, ಏಣಿ ಹಿಡಿದು ಕರಜಗಿಯ ಮನೆಗಳಿಗೆ ಹೊರಡುತ್ತೇವೆ. ಯಾವ ಧರ್ಮದವರ ಮನೆಯಾದರೂ ಸರಿ, ಕರೆದರೆ ಬರುತ್ತೇವೆ. ದುಡ್ಡು ಬೇಡ, ಚಹಾ ನಡೆಯುತ್ತದೆ. ಷರತ್ತು ಒಂದೇ. ಮೋಡೆಮ್ ಎಲ್ಲಿಡಬೇಕು ಎಂದು ನಾವು ಮೊದಲು ಕೇಳುವುದು ಮನೆಯ ದೊಡ್ಡ ಮಗನನ್ನಲ್ಲ. ಅಡುಗೆಮನೆಯಲ್ಲಿರುವವರನ್ನು, ಹಿಂದಿನ ಖೋಲಿಯಲ್ಲಿ ಓದುವವರನ್ನು ಕೇಳುತ್ತೇವೆ. ಅವರು “ನಮಗೇನು, ಎಲ್ಲಿದ್ರೂ ಆತು” ಎಂದೇ ಹೇಳುತ್ತಾರೆ. ಅಷ್ಟಕ್ಕೇ ನಾವು ಸುಮ್ಮನಾಗುವುದಿಲ್ಲ, ಎರಡನೇ ಸಲ ಕೇಳುತ್ತೇವೆ.

ನಮ್ಮ ಮನೆಯ ಮೋಡೆಮ್ ಈಗ ಪಡಸಾಲೆಯ ಗೂಡಿನಲ್ಲಿದೆ. ಹಿಂದೆ ಅಲ್ಲಿ ಕಂದೀಲು ಇಡುತ್ತಿದ್ದರಂತೆ, ಆಯಿ ಹೇಳಿದಳು. ತಂಗಿ ತನ್ನ ಖೋಲಿಯಲ್ಲೇ ಕೂತು ಓದುತ್ತಾಳೆ. ಅವ್ವ ರೊಟ್ಟಿ ಬಡಿಯುತ್ತಾ ಬ್ಲೌಸಿನ ಹೊಸ ಡಿಸೈನ್ ನೋಡುತ್ತಾಳೆ. ನನ್ನ ಖೋಲಿಯಲ್ಲಿ ಕಡ್ಡಿ ಕಡಿಮೆಯಾಗಿವೆ, ಕ್ರಿಕೆಟ್ ಒಮ್ಮೊಮ್ಮೆ ನಡುವೆಯೇ ನಿಲ್ಲುತ್ತದೆ. ಆಗ ಎದ್ದು ಹೋಗಿ ಅದೇ ಫರಸಿಯ ಮೇಲೆ ನಾನು ಕೂರುತ್ತೇನೆ. ಮಳೆಗಾಲದಲ್ಲಿ ಅದು ಎಷ್ಟು ತಣ್ಣಗಿರುತ್ತದೆ ಎಂದು ನನಗೆ ಈಗ ಗೊತ್ತಾಗಿದೆ.

ನಿಮ್ಮ ಸಹೋದರ,
ಯುವಜನ ಕೂಟದ ಪರವಾಗಿ